ನಾಲ್ಕು ಕಿಲೊ ಆರುನೂರು ಗ್ರಾಂ

ನಮ್ಮ ಊರಿನಲ್ಲಿ ಒಲೆಯ ಮುಂದೆ ಯಾರೂ ಸುಳ್ಳು ಹೇಳುವುದಿಲ್ಲ. ಒಳ್ಳೆಯವರು ಅಂತಲ್ಲ, ಹೇಳಿದರೆ ಗ್ಯಾಸ್ ಸಿಲಿಂಡರಿನ ತೂಕ ಏರುತ್ತದೆ. ಹಾಗಾಗಿ ಸುಳ್ಳು ಹೇಳಬೇಕಾದವರು ಎದ್ದು ಹಿತ್ತಿಲಿಗೆ ಹೋಗುತ್ತಾರೆ. ಗಂಡ ಏನೋ ಕೇಳಿದಾಗ ಹೆಂಡತಿ ಸೌಟು ಹಿಡಿದುಕೊಂಡೇ ಅಡುಗೆಮನೆಯ ಹೊಸ್ತಿಲು ದಾಟಿದಳೆಂದರೆ, ಬರುವ ಉತ್ತರ ಎಂಥದ್ದು ಅನ್ನುವುದು ಗಂಡನಿಗೆ ಆಗಲೇ ಗೊತ್ತಾಗಿರುತ್ತದೆ. ಸಾರು ಹೇಗಿದೆ ಎಂದು ಕೇಳಿದರೆ ನೆಂಟರು ತಾಟು ಎತ್ತಿಕೊಂಡು ಪಡಸಾಲೆಗೆ ಬಂದು ಹೊಗಳುತ್ತಾರೆ. ಹೆಣ್ಣು ನೋಡಲು ಬಂದ ಬೀಗರಿಗೆ ಮಣೆ ಹಾಕುವುದು ಅಡುಗೆಮನೆಯಲ್ಲೇ. ಹುಡುಗ ಕುಡಿಯುತ್ತಾನೋ ಇಲ್ಲವೋ ಎಂಬುದನ್ನು ಸಿಲಿಂಡರಿನ ಪಕ್ಕ ಕೂಡಿಸಿಯೇ ಕೇಳುತ್ತಾರೆ.

ಸುಳ್ಳು ಬಾಯಿಂದ ಬಿದ್ದ ಕೂಡಲೇ ಸಿಲಿಂಡರ್ ತನ್ನ ಕೆಳಗಿನ ಕಲ್ಲಿನ ಮೇಲೆ ಕರ್ ಎಂದು ಒಂದಿಷ್ಟು ಕೂರುತ್ತದೆ. ದೊಡ್ಡ ಸದ್ದೇನಲ್ಲ, ಕಿವಿಗೊಟ್ಟರೆ ಕೇಳಿಸುತ್ತದೆ. ಗೊತ್ತಿಲ್ಲದೆ ತಪ್ಪು ಹೇಳಿದ್ದಕ್ಕೆ ಮಾತ್ರ ತೂಕವಿಲ್ಲ. ನಮ್ಮ ಓಣಿಯ ನಿವೃತ್ತ ಮಾಸ್ತರರು ತಮ್ಮ ವಯಸ್ಸನ್ನು ಪ್ರತಿ ಸಲವೂ ಬೇರೆ ಬೇರೆ ಹೇಳುತ್ತಾರೆ, ಅವರ ಸಿಲಿಂಡರ್ ಒಂದು ಗ್ರಾಮೂ ಏರಿಲ್ಲ. ಅವರು ಪಾಪ ನಿಜಕ್ಕೂ ಮರೆತಿದ್ದಾರೆ.

ಸಿಲಿಂಡರ್ ಖಾಲಿಯಾದಾಗ ಅದನ್ನು ಗ್ಯಾಸ್ ತುಂಬುವ ಕಟ್ಟೆಗೆ ಒಯ್ಯಬೇಕು. ಕಟ್ಟೆ ತೆರೆಯುವುದು ಮಂಗಳವಾರ ಮಾತ್ರ. ಅವರವರ ಸಿಲಿಂಡರ್ ಅವರವರೇ ತುಂಬಿಸಿಕೊಂಡು ಬರುವುದು ನಮ್ಮಲ್ಲಿ ನಡೆದುಬಂದದ್ದು. ಅದರ ಕೊರಳ ಮೇಲೆ ಮನೆತನದ ಹೆಸರನ್ನು ಬಣ್ಣದಲ್ಲಿ ಬರೆಸಿರುತ್ತೇವೆ. ಅಲ್ಲೇ ಅದರ ಖಾಲಿ ತೂಕವನ್ನೂ ಕೊರೆದಿರುತ್ತಾರೆ. ಕಟ್ಟೆಯ ಮಕ್ತುಮಸಾಬ ಸಿಲಿಂಡರನ್ನು ತಕ್ಕಡಿಗೇರಿಸಿ, ಆ ತೂಕಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಸಾಲಿನ ಕೊನೆಯವರಿಗೂ ಕೇಳುವಂತೆ ಕೂಗುತ್ತಾನೆ. ಆಮೇಲೆ ಬುಡಕ್ಕೆ ಒಂದು ತಂಬಿಗೆ ನೀರು ಸುರಿಯುತ್ತಾನೆ, ತೂಕ ಇಳಿಯುತ್ತದೆ, ಗ್ಯಾಸ್ ತುಂಬುತ್ತಾನೆ. ಐವತ್ತು ಗ್ರಾಂ, ನೂರು ಗ್ರಾಂ ಎಂದರೆ ಜನ ನಗುತ್ತಾರೆ. ಹೊಸದಾಗಿ ಮದುವೆಯಾದವರದು ಇನ್ನೂರು ಬಂದರೂ ನಗುತ್ತಾರೆ. ಒಂದು ಕಿಲೊ ದಾಟಿದರೆ ಯಾರೂ ನಗುವುದಿಲ್ಲ. ಅಂಥ ಮನೆಯವರು ಮೂರು ಸಲ ಸರಿ ತೂಕ ತೋರಿಸುವವರೆಗೆ ಬೇರೆಯವರಿಗೆ ಒಂದು ತುತ್ತನ್ನೂ ಬೇಯಿಸಿ ಹಾಕುವಂತಿಲ್ಲ.

ರೈಲ್ವೆ ಗೇಟಿನ ಆಚೆ, ಹೆದ್ದಾರಿಯಲ್ಲಿ, ಹೊರಗಿನ ಕಂಪನಿಯವರ ಒಂದು ಗೋದಾಮು ಇದೆ. ಅಲ್ಲಿ ತುಂಬಿಸುವುದಿಲ್ಲ, ಬದಲಾಯಿಸುತ್ತಾರೆ. ಖಾಲಿ ಕೊಟ್ಟರೆ ಸೀಲು ಮಾಡಿದ ಬೇರೊಂದು ಸಿಲಿಂಡರ್ ಕೊಡುತ್ತಾರೆ. ವಾರದ ಏಳೂ ದಿನ ತೆರೆದಿರುತ್ತದೆ, ತೂಗುವವರಿಲ್ಲ, ಕೂಗುವವರಿಲ್ಲ. ಲಾರಿಯವರು, ಡಾಬಾದವರು ಅಲ್ಲಿಗೆ ಹೋಗುತ್ತಾರೆ. ಊರಿನವರು ಅಲ್ಲಿಗೆ ಹೋದರೆಂದರೆ ಮುಚ್ಚಿಡುವುದು ಏನೋ ಇದೆ ಎಂದೇ ಅರ್ಥ. ನಾನು ಹೋದೆ.

ನಾನು ವಿರುಪಣ್ಣ, ಟೇಲರ್. ಹೆಂಗಸರ ಕುಬಸ ಹೊಲಿಯುತ್ತೇನೆ. ಮದುವೆಯಾಗಲಿಲ್ಲ. ನಾನು ಮತ್ತು ನನ್ನ ಅವ್ವ ಇರುವುದು ಒಂದೇ ಕೋಣೆಯ ಮನೆಯಲ್ಲಿ. ಬೀದಿ ಕಡೆಯ ಕಿಟಕಿಯ ಕೆಳಗೆ ನನ್ನ ಮಶೀನು, ಹಿಂದಿನ ಗೋಡೆಗೆ ಒಲೆ. ಅವ್ವನಿಗೆ ಎಂಬತ್ತರ ಮೇಲಾಗಿದೆ. ಬೆಚ್ಚಗಿರುತ್ತದೆಂದು ದಿನವಿಡೀ ಒಲೆಯ ಪಕ್ಕ, ಸಿಲಿಂಡರಿಗೆ ಹತ್ತಿಕೊಂಡೇ ಕೂಡುತ್ತಾಳೆ. ಮೂರು ವರ್ಷದಿಂದ ಅವಳಿಗೆ ಮರೆವು. ಹಳೆಯದೆಲ್ಲ ನೆನಪಿದೆ, ಆಗಷ್ಟೇ ಆದದ್ದು ನಿಲ್ಲುವುದಿಲ್ಲ. ಉಂಡು ಕೈ ತೊಳೆದು ಹತ್ತು ನಿಮಿಷಕ್ಕೆ ಕೇಳುತ್ತಾಳೆ, ನನ್ನ ಊಟ ಆಯಿತೇ ಎಂದು. ಆಯಿತು ಎನ್ನುತ್ತೇನೆ. ಮತ್ತೆ ಕೇಳುತ್ತಾಳೆ. ಮತ್ತೆ ಆಯಿತು ಎನ್ನುತ್ತೇನೆ. ಒಂದು ಮಧ್ಯಾಹ್ನಕ್ಕೆ ಏಳೆಂಟು ಸಲ ಹೇಳಿದ್ದೂ ಉಂಟು. ಅದೆಲ್ಲ ನಿಜವೇ ಆಗಿತ್ತು.

ಅವ್ವನಿಗೆ ಹಲ್ಲಿಲ್ಲ. ರೊಟ್ಟಿಯನ್ನು ಚೂರು ಮಾಡಿ, ಸಾರಿನಲ್ಲಿ ನೆನೆಸಿ, ತುತ್ತು ಮಾಡಿ ಕೊಡಬೇಕು. ಒಂದು ತುತ್ತು ನುಂಗಿ ಎರಡನೆಯದಕ್ಕೆ ಬಾಯಿ ತೆರೆಯುವುದರೊಳಗೆ ಹಳೆಯ ಕಥೆಯೊಂದನ್ನು ಹೇಳುತ್ತಾಳೆ. ಒಂದು ಗಂಟೆ ಬೇಕು. ಈ ವರ್ಷ ಮದುವೆಯ ಹಂಗಾಮು ಜೋರಾಗಿತ್ತು, ಮಧ್ಯಾಹ್ನದ ಹೊತ್ತಿಗೇ ಹೆಂಗಸರು ಬಂದು ನಿಲ್ಲುತ್ತಿದ್ದರು. ಅಂಥದೊಂದು ದಿನ ಅವ್ವ ಕೇಳಿದಳು. ಅಂದು ಇನ್ನೂ ಉಣಿಸಿರಲಿಲ್ಲ. ನಾಲಿಗೆಗೆ ರೂಢಿಯಾಗಿತ್ತು.

"ಆತಲ್ಲಬೇ, ಈಗಷ್ಟ ಉಂಡಿ" ಎಂದೆ.

"ಹೌದ? ಏನ್ ಉಂಡೆ?"

"ರೊಟ್ಟಿ, ಹೆಸರಕಾಳ ಪಲ್ಯ."

"ಛಲೋ ಇತ್ತೇನು?"

"ಛಲೋ ಇತ್ತು" ಎಂದೆ. ಅವಳು ತಲೆಯಾಡಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಒರೆಸಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ಆ ದಿನ ರಾತ್ರಿ ಎರಡು ತುತ್ತು ಹೆಚ್ಚೇ ಉಣಿಸಿ ಸಮಾಧಾನ ಮಾಡಿಕೊಂಡೆ. ಮರುದಿನ ಮತ್ತೆ ಅದೇ. ಆಮೇಲೆ ಅದೇ ದಿನಚರಿಯಾಯಿತು. ಬೆಳಿಗ್ಗೆ ಉಣಿಸುತ್ತಿದ್ದೆ, ರಾತ್ರಿ ಉಣಿಸುತ್ತಿದ್ದೆ, ಮಧ್ಯಾಹ್ನ ಬರೀ ಮಾತು. ಎದ್ದು ಹಿತ್ತಿಲಿಗೆ ಹೋಗಿ ಹೇಳಬಹುದಿತ್ತು. ಅಷ್ಟು ಏಳುವ ಪುರುಸೊತ್ತಿದ್ದರೆ ಉಣಿಸಿಯೇ ಬಿಡಬಹುದಿತ್ತಲ್ಲ. ಸಿಲಿಂಡರಿನ ಸದ್ದು ಕೇಳಿಸಬಾರದೆಂದು ಉತ್ತರ ಕೊಡುವಾಗ ಮಶೀನನ್ನು ಜೋರಾಗಿ ತುಳಿಯುತ್ತಿದ್ದೆ. ಅವ್ವನ ಕಿವಿ ಮಂದ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಎರಡೂವರೆ ತಿಂಗಳಲ್ಲಿ ಅವಳ ಕುಬಸವನ್ನು ಎರಡು ಸಲ ಒಳಗೆ ಹಿಡಿದು ಹೊಲಿದೆ. ಅರ್ಧ ಇಂಚು ಒಮ್ಮೆ, ಮುಕ್ಕಾಲು ಇಂಚು ಒಮ್ಮೆ. ಊರಿನ ಹೆಂಗಸರ ಅಳತೆಯನ್ನೆಲ್ಲ ಕಣ್ಣಲ್ಲೇ ಹೇಳುವ ನಾನು, ವಯಸ್ಸಾದವರು ಹೀಗೇ ಇಳಿಯುತ್ತಾರೆ ಎಂದುಕೊಂಡೆ.

ಇನ್ನೂ ಒಂದನ್ನು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ಮಾತ್ರ ಮಧ್ಯಾಹ್ನ ಉಪವಾಸವಿರಲಿಲ್ಲ. ನಮ್ಮ ಓಣಿಯ ತುದಿಯಲ್ಲೇ ನೀಲಕ್ಕನ ಖಾನಾವಳಿ. ಅಲ್ಲಿಗೆ ಹೋಗಿ ಹತ್ತು ನಿಮಿಷದಲ್ಲಿ ಎರಡು ರೊಟ್ಟಿ ಉಂಡು ಬರುತ್ತಿದ್ದೆ. ನೀಲಕ್ಕ ಗಂಡ ತೀರಿದ ಮೇಲೆ ಇಪ್ಪತ್ತು ವರ್ಷದಿಂದ ಅದನ್ನು ನಡೆಸಿದವಳು. ಬಸ್ಸಿನ ಕಂಡಕ್ಟರುಗಳು, ಹೈಸ್ಕೂಲಿನ ಮಾಸ್ತರುಗಳು, ಆಸ್ಪತ್ರೆಗೆ ಬಂದವರು ಎಲ್ಲ ಅಲ್ಲೇ ಉಣ್ಣುವುದು. ಇಪ್ಪತ್ತು ವರ್ಷದಲ್ಲಿ ಅವಳ ಸಿಲಿಂಡರುಗಳು ಐವತ್ತು ಗ್ರಾಂ ದಾಟಿದ್ದಿಲ್ಲ. ಪಲ್ಯ ನಿನ್ನೆಯದಾದರೆ ನಿನ್ನೆಯದು ಎಂದೇ ಹೇಳಿ ಬಡಿಸುತ್ತಿದ್ದಳು. ಅವ್ವನಿಗೆ ಮೆತ್ತಗೆ ಮಾಡಿ ಕಟ್ಟಿಕೊಡಲೇ ಎಂದು ಆಗಾಗ ಕೇಳುತ್ತಿದ್ದಳು. ನಾನು ಕೈ ತೊಳೆದು ಜಗುಲಿಗೆ ಇಳಿದು, ಅವಳ ಒಲೆಯಿಂದ ಸಾಕಷ್ಟು ದೂರ ನಿಂತು, ಉಣಿಸಿಯೇ ಬಂದಿದ್ದೇನೆ ಎಂದು ಹೇಳುತ್ತಿದ್ದೆ. ಅಷ್ಟು ಎಚ್ಚರ ನನಗಿತ್ತು.

ಸಿಲಿಂಡರ್ ಖಾಲಿಯಾದ ದಿನ ಬಿಚ್ಚಿ ಎತ್ತಲು ಹೋದರೆ ಒಂದೇ ಸಲಕ್ಕೆ ಮೇಲೇಳಲಿಲ್ಲ. ಕೆಳಗಿನ ಕಲ್ಲಿನಲ್ಲಿ ಅದರ ಉಂಗುರದ ಗುರುತು ಬಿದ್ದಿತ್ತು. ಎಷ್ಟಿದೆಯೆಂದು ತಿಳಿಯಲು ತಕ್ಕಡಿ ಬೇಕಿರಲಿಲ್ಲ. ಕಟ್ಟೆಗೆ ಒಯ್ದರೆ ಮಕ್ತುಮಸಾಬ ಕೂಗುತ್ತಾನೆ, ಜನ ನನ್ನ ಮುಖ ನೋಡುತ್ತಾರೆ, ಇಷ್ಟು ಸುಳ್ಳು ಯಾರಿಗೆ ಹೇಳಿದಿ ಎಂದು ಯಾರಾದರೂ ಕೇಳುತ್ತಾರೆ. ನಮ್ಮ ಮನೆಯಲ್ಲಿ ಇರುವವರು ಇಬ್ಬರೇ. ಕೊರಳ ಮೇಲಿನ ಹೆಸರನ್ನು ಕತ್ತರಿಯ ಮೊನೆಯಿಂದ ಕೆರೆದು ತೆಗೆದೆ. ಆಟೋದಲ್ಲಿ ಹಾಕಿಕೊಂಡು ಗೇಟು ದಾಟಿ ಹೆದ್ದಾರಿಗೆ ಹೋದೆ. ಗೋದಾಮಿನವನು ತನ್ನ ಫೋನಿನಿಂದ ಕಣ್ಣೆತ್ತದೆ ಹಳೆಯದನ್ನು ಒಳಕ್ಕೆ ಉರುಳಿಸಿ ಹೊಸದನ್ನು ಹೊರಕ್ಕೆ ಉರುಳಿಸಿದ. ನನ್ನದು ಲಾರಿ ಹತ್ತಿ ದೂರದ ಯಾವುದೋ ಊರಿಗೆ ಹೋಗುತ್ತದೆ, ಅಲ್ಲಿ ಇದೆಲ್ಲ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ವಿಚಾರಿಸಲಿಲ್ಲ. ಅವರು ಅಲ್ಲೇ ಹಿಂದಿನ ಶೆಡ್ಡಿನಲ್ಲಿ ತುಂಬಿ, ಮತ್ತೆ ಅದೇ ಸಾಲಿಗೆ ತಂದಿಡುತ್ತಾರಂತೆ.

ಮನೆಗೆ ಬಂದ ಮೇಲೆ ಮೈ ಹಗುರಾಯಿತು. ಇನ್ನಾದರೂ ಅವ್ವನಿಗೆ ಹೊತ್ತಿಗೆ ಸರಿಯಾಗಿ ಉಣಿಸುತ್ತೇನೆ ಎಂದು ಅಂದುಕೊಂಡೆನೇ? ಇಲ್ಲ. ಬದಲಾಯಿಸುವ ಜಾಗ ಒಂದಿದೆ ಎಂದು ಗೊತ್ತಾದ ಮೇಲೆ ಸುಳ್ಳು ಇನ್ನೂ ಸಲೀಸಾಯಿತು.

ಎರಡು ತಿಂಗಳಾದ ಮೇಲೆ, ಒಂದು ಮಂಗಳವಾರ, ನಾನು ಕಟ್ಟೆಯಲ್ಲಿ ನಿಂತಿದ್ದೆ. ಹೊಸ ಸಿಲಿಂಡರಿನ ರೆಗ್ಯುಲೇಟರಿಗೆ ವಾಷರ್ ಬೇಕಾಗಿತ್ತು, ಅದು ಮಕ್ತುಮಸಾಬನ ಬಳಿಯೇ ಸಿಗುವುದು. ಸಾಲಿನ ಮುಂದೆ ನೀಲಕ್ಕ ಇದ್ದಳು. ಅವಳ ಮೂರು ಸಿಲಿಂಡರುಗಳಲ್ಲಿ ಎರಡು ಸರಿ ಬಂದವು. ಮೂರನೆಯದನ್ನು ಏರಿಸುವಾಗ ಮಕ್ತುಮಸಾಬ ಎರಡು ಸಲ ಕೈ ಬದಲಿಸಿದ. ಮುಳ್ಳು ನಿಂತ ಮೇಲೆ ಬಗ್ಗಿ ಕೊರಳು ಓದಿದ, ಮತ್ತೆ ಮುಳ್ಳು ನೋಡಿದ. ಆಮೇಲೆ ಕೂಗಿದ.

"ನಾಕ ಕಿಲೊ, ಆರನೂರ."

ಇಷ್ಟು ದೂರದಿಂದಲೇ ಕೊರಳ ಮೇಲೆ ಕೆರೆದ ಜಾಗ ಕಂಡಿತು. ಕತ್ತರಿಯ ಮೊನೆ ಜಾರಿ ಒಂದು ಉದ್ದ ಗೀರು ಬಿದ್ದಿತ್ತು, ಅದೂ ಕಂಡಿತು.

ನೀಲಕ್ಕ ಹೆದರಲಿಲ್ಲ, ನಡೆದದ್ದನ್ನು ಹೇಳಿದಳು. ಹೋದ ವಾರದ ಸೋಮವಾರ ನೂರು ಜನರ ಅನ್ನ ಅರ್ಧ ಬೆಂದಾಗ ಗ್ಯಾಸ್ ಮುಗಿದಿತ್ತು, ಮಂಗಳವಾರದವರೆಗೆ ಕಾಯುವಂತಿರಲಿಲ್ಲ, ಜನ್ಮದಲ್ಲಿ ಮೊದಲ ಸಲ ಹೆದ್ದಾರಿಗೆ ಹೋಗಿ ಒಂದನ್ನು ಬದಲಾಯಿಸಿ ತಂದಿದ್ದಳು. ತುಂಬಿದ್ದು ಭಾರವಿರುವುದು ಸಹಜ ಎಂದುಕೊಂಡಿದ್ದಳು. ಇನ್ನು ಮೇಲೆ ಇದನ್ನೇ ತನ್ನದಾಗಿ ಮಾಡಿಕೊಳ್ಳೋಣ ಎಂದು ಕಟ್ಟೆಗೆ ತಂದಿದ್ದಳು. ಸಾಲಿನಲ್ಲಿ ಒಬ್ಬರು, ಏನೂ ಇಲ್ಲದವರು ಬದಲಾಯಿಸಲು ಯಾಕೆ ಹೋಗುತ್ತಾರೆ ಎಂದರು. ಇನ್ನೊಬ್ಬರು, ನಿನ್ನೆಯ ಪಲ್ಯವನ್ನು ಇಂದಿನದು ಎಂದು ಎಷ್ಟು ಸಲ ಬಡಿಸಿದ್ದಾಳೋ ಎಂದರು. ಹಾಗೆ ಹೇಳಿದವರು ಹದಿನೈದು ವರ್ಷ ಅವಳ ಕೈಯಲ್ಲಿ ಉಂಡವರು.

ನೀಲಕ್ಕ ಸಾಲಿನ ಕಡೆ ತಿರುಗಿದಳು.

"ಇದು ಯಾರದರ ಇದ್ರ ಹೇಳ್ರಿ. ನಾ ಸಿಟ್ಟ ಆಗೂದಿಲ್ಲ. ಏನ್ ಸುಳ್ಳು ಅಂತನೂ ಕೇಳೂದಿಲ್ಲ. ನನ್ನ ಒಲಿ ಆರತೈತಿ, ಅಷ್ಟ."

ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ನನ್ನ ಮುಖದ ಮೇಲೆ ಹೆಚ್ಚು ಹೊತ್ತೇನೂ ನಿಲ್ಲಲಿಲ್ಲ. ನನ್ನ ಮೇಲೆ ಅವಳಿಗೆ ಅನುಮಾನವೇ ಇರಲಿಲ್ಲ. ಹೇಳಲು ನನಗೆ ಒಂದೇ ಒಂದು ಮಾತು ಸಾಕಾಗಿತ್ತು. ನಾನು ಬಗ್ಗಿ ಚಪ್ಪಲಿಯ ಉಂಗುಟ ಸರಿಮಾಡಿಕೊಂಡೆ. ಅದು ಸರಿಯಾಗಿಯೇ ಇತ್ತು. ಆಮೇಲೆ ವಾಷರನ್ನೂ ಕೇಳದೆ ಮನೆಗೆ ಬಂದೆ.

ಅಂದು ಸಂಜೆಯೇ ಖಾನಾವಳಿಯ ಬೋರ್ಡು ಇಳಿಯಿತು. ನೀಲಕ್ಕನೇ ಸ್ಟೂಲು ಹತ್ತಿ ಇಳಿಸಿದಳಂತೆ. ಎರಡು ದಿನ ನಾನು ಅವ್ವನಿಗೆ ಮಧ್ಯಾಹ್ನ ಉಣಿಸಿದೆ. ಮೂರನೆಯ ದಿನ ಲಗ್ನದ ಮನೆಯವರು ಹನ್ನೆರಡು ಕುಬಸ ತಂದು ಹಾಕಿದರು, ಮತ್ತೆ ಹಳೆಯ ದಾರಿ ಹಿಡಿದೆ. ನಾಚಿಕೆ ಎನ್ನುವುದು ಮನುಷ್ಯನನ್ನು ತಿದ್ದುತ್ತದೆ ಎಂದು ಹೇಳುವವರು ಇದ್ದಾರೆ. ನನ್ನನ್ನು ಅದು ಎರಡು ದಿನ ತಿದ್ದಿತು.

ಮುಂದಿನ ವಾರ ಒಂದು ಮಧ್ಯಾಹ್ನ ನೀಲಕ್ಕ ನಮ್ಮ ಮನೆಗೆ ಬಂದಳು. ಇಪ್ಪತ್ತು ವರ್ಷದಲ್ಲಿ ಆ ಹೊತ್ತಿಗೆ ಅವಳಿಗೆ ಕೈ ಖಾಲಿ ಇದ್ದದ್ದೇ ಇಲ್ಲ, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದಳು. ಅವ್ವನ ಪಕ್ಕ ಚಾಪೆಯ ಮೇಲೆ ಕೂತು ಅವಳ ಕೈ ಹಿಡಿದುಕೊಂಡಳು. ಮುಂಗೈಯನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಆಮೇಲೆ, ಎಲ್ಲರೂ ಯಾರನ್ನಾದರೂ ಕಂಡಾಗ ಕೇಳುವಂತೆಯೇ, ಊಟ ಆಯಿತೇ ಎಂದು ಕೇಳಿದಳು. ಅಂದು ಆಗಿರಲಿಲ್ಲ. ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಅವ್ವ ನನ್ನ ಕಡೆ ಒಮ್ಮೆ ನೋಡಿದಳು.

"ಆತವ್ವಾ. ನನ್ನ ಮಗ ಈಗಷ್ಟ ಉಣಿಸ್ಯಾನ. ಒಂದ ದಿನಾನೂ ತಪ್ಪಸೂದಿಲ್ಲ."

ಮಶೀನು ಸುಮ್ಮನಿತ್ತು. ಸಿಲಿಂಡರ್ ಕಲ್ಲಿನ ಮೇಲೆ ಕರ್ ಎಂದು ಕೂತದ್ದು ಮೂವರಿಗೂ ಕೇಳಿಸಿತು.

ಮರೆತು ಹೇಳಿದ್ದರೆ ಅದು ಕೂರುತ್ತಿರಲಿಲ್ಲ. ಅವ್ವನಿಗೆ ಹಸಿವಿನಿಂದಲೇ ಗೊತ್ತಿತ್ತು. ಅಂದಿನದು ಮಾತ್ರವಲ್ಲ, ದಿನಾ ಮಧ್ಯಾಹ್ನ ಅದರ ಪಕ್ಕದಲ್ಲೇ ಕೂತವಳು ಅವಳು, ನಾನು ಎಷ್ಟೇ ಜೋರಾಗಿ ತುಳಿದರೂ ಆ ಸದ್ದು ಅವಳ ಮೈಗೇ ತಾಗುತ್ತಿತ್ತು. ಕೇಳಿಸಿಕೊಂಡೂ ಏನು ಉಂಡೆ ಎಂದು ಕೇಳುತ್ತಿದ್ದಳು, ಚೆನ್ನಾಗಿತ್ತೇ ಎಂದು ಕೇಳುತ್ತಿದ್ದಳು, ಬಾಯಿ ಒರೆಸಿಕೊಳ್ಳುತ್ತಿದ್ದಳು. ಮಗನನ್ನು ಸುಳ್ಳುಗಾರನನ್ನಾಗಿ ಮಾಡಬಾರದೆಂದು ಹಸಿದು ಕೂತಿದ್ದಳು.

ನೀಲಕ್ಕ ಸಿಲಿಂಡರಿನ ಹೆಸರಿಲ್ಲದ ಕೊರಳನ್ನು ನೋಡಿದಳು, ಕಲ್ಲಿನಲ್ಲಿ ಬಿದ್ದಿದ್ದ ಗುರುತನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಜಗುಲಿಯ ಮೇಲೆ ನಿಂತು ನಾನು ಅವಳಿಗೆ ಹೇಳುತ್ತಿದ್ದ ಮಾತೂ ನೆನಪಾಗಿರಬೇಕು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಬ್ಯಾರೇದವರಿಗೆ ರೊಟ್ಟಿ ತಟ್ಟಾಕ ನನಗ ಹಕ್ಕಿಲ್ಲ ಈಗ" ಎಂದಳು. "ನೀವ ತಟ್ಟರಿ. ನಾ ಕುಂತಿರತೀನಿ."

ತಟ್ಟಿದೆ. ಮೊದಲನೆಯದು ಹರಿಯಿತು. ಸಾರಿನಲ್ಲಿ ನೆನೆಸಿ ತುತ್ತು ಮಾಡಿ ಕೊಟ್ಟೆ. ಅವ್ವ ಅಂದು ಕಥೆ ಹೇಳಲಿಲ್ಲ, ಬಾಯಿ ತೆರೆದುಕೊಂಡೇ ಮುಂದಿನ ತುತ್ತಿಗೆ ಕಾಯುತ್ತಿದ್ದಳು. ಎರಡು ರೊಟ್ಟಿ ಮುಗಿಸಿದಳು. ನೀಲಕ್ಕ ಏಳುವಾಗ, ಈ ಮಂಗಳವಾರ ತಾನು ಕಟ್ಟೆಗೆ ಬರುವುದಿಲ್ಲ, ನೀವು ಹೋಗಿ ಎಂದಳು. ನಾನು ಹೋಗದಿದ್ದರೆ ಅವಳೇ ಹೇಳಿಬಿಡುತ್ತಿದ್ದಳೇ ಎಂದು ಕೇಳಿದರೆ, ಹೇಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಮಂಗಳವಾರ ಇನ್ನೂ ಅರ್ಧ ಗ್ಯಾಸ್ ಇದ್ದ ಸಿಲಿಂಡರನ್ನು ಒಯ್ದು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ, ನೀಲಕ್ಕನ ಹೆಸರಿನಲ್ಲಿ ಕೂಗಿದ ನಾಲ್ಕು ಕಿಲೊ ಆರುನೂರು ನನ್ನದು ಎಂದೆ. ಮಕ್ತುಮಸಾಬ, ಸಾಲಿನ ಕೊನೆಯವರಿಗೆ ಕೇಳಲಿಲ್ಲ ಎಂದ. ಮತ್ತೆ ಹೇಳಿದೆ. ಸುಳ್ಳು ಯಾವುದು ಎಂದು ಅವನು ಕೇಳಬೇಕಾಗಿರಲಿಲ್ಲ, ಕೇಳಲೂ ಇಲ್ಲ. ಆದರೆ ಅದನ್ನು ಹೇಳದಿದ್ದರೆ ಜನ ಏನಾದರೂ ಸಣ್ಣದು ಎಂದುಕೊಂಡಾರು ಅನ್ನಿಸಿತು. ಅವ್ವನಿಗೆ ಉಣಿಸದೆ ಉಣಿಸಿದ್ದೇನೆ ಎಂದು ಹೇಳುತ್ತಿದ್ದೆ ಎಂದೆ. ಸಾಲಿನಲ್ಲಿ ಯಾರೂ ಬೈಯಲಿಲ್ಲ. ನನ್ನ ಹಿಂದೆ ನಿಂತಿದ್ದ ಹೆಂಗಸು ತನ್ನ ಸಿಲಿಂಡರನ್ನು ನನ್ನದಕ್ಕೆ ತಾಗದ ಹಾಗೆ ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು, ಅಷ್ಟೇ. ಮಕ್ತುಮಸಾಬ ಒಬ್ಬನನ್ನು ಕರೆದು, ನೀಲಕ್ಕನ ಮನೆಗೆ ಹೋಗಿ ಬೋರ್ಡು ಏರಿಸಲು ಹೇಳು ಎಂದ.

ಖಾನಾವಳಿ ಮರುದಿನವೇ ತೆರೆಯಿತು. ಮೊದಲಿನಷ್ಟೇ ಜನ. ಹದಿನೈದು ವರ್ಷ ಉಂಡು ಅನುಮಾನಪಟ್ಟವರು ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ನಾನು ಜಗುಲಿಯ ಕೆಳಗೆ ನಿಂತು, ತಪ್ಪಾಯಿತು, ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. ನೀಲಕ್ಕ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು, ತಿರುಗಲಿಲ್ಲ.

"ಸಿಟ್ಟಿಲ್ಲ ಅಂತ ಹೇಳಬೇಕಂದ್ರ ನಾ ಹೊರಗ ಬರಬೇಕಾಗತೈತ್ರಿ" ಎಂದಳು. "ಕೆಲಸ ಐತಿ. ಹೋಗಿ ಬರ್ರಿ."

ನನ್ನ ಬಳಿ ಬಟ್ಟೆ ತರುವವರು ಕಡಿಮೆಯಾಗಿಲ್ಲ. ಬಂದವರು ಮೊದಲು ಒಲೆಯ ಕಡೆ ತಿರುಗಿ ಅವ್ವನನ್ನು ಊಟವಾಯಿತೇ ಎಂದು ಕೇಳುತ್ತಾರೆ, ಆಮೇಲೆ ನನಗೆ ಅಳತೆ ಕೊಡುತ್ತಾರೆ. ಅದಕ್ಕೆ ನಾನು ಹೊಂದಿಕೊಂಡಿದ್ದೇನೆ. ಹೊಂದಿಕೊಳ್ಳಲಾಗದ್ದು ಇನ್ನೊಂದಿದೆ. ಈಗ ಮಧ್ಯಾಹ್ನ ಹನ್ನೆರಡಕ್ಕೆ ಮಶೀನು ನಿಲ್ಲಿಸಿ, ಬಾಗಿಲು ಅರ್ಧ ಮುಚ್ಚಿ, ಒಂದು ಗಂಟೆ ಕೂತು ಅವ್ವನಿಗೆ ಉಣಿಸುತ್ತೇನೆ. ತಾಟು ತೊಳೆದಿಟ್ಟು ಬರುವಷ್ಟರಲ್ಲಿ ಅವಳು ಮರೆತಿರುತ್ತಾಳೆ. ನನ್ನ ಊಟ ಆಯಿತೇ ಎಂದು ಕೇಳುತ್ತಾಳೆ. ಆಯಿತು ಎನ್ನುತ್ತೇನೆ. ಅವಳು ಕೂಡಲೇ ಒಪ್ಪುವುದಿಲ್ಲ. ಅಂಗೈಯನ್ನು ಸಿಲಿಂಡರಿನ ಮೇಲಿಟ್ಟು, ತಲೆ ಅದರ ಕಡೆ ವಾಲಿಸಿ, ಉಸಿರು ಹಿಡಿದು ಸ್ವಲ್ಪ ಹೊತ್ತು ಕಾಯುತ್ತಾಳೆ. ಏನೂ ಕೇಳಿಸದಿದ್ದಾಗ ಕೈ ತೆಗೆಯುತ್ತಾಳೆ.

"ಹಂಗಾರ ಉಂಡೀನಿ" ಎನ್ನುತ್ತಾಳೆ.